ಸ್ಪ್ರಿಂಗ್ ಕಟ್ಟಿ ಸೊಂಟ ಗಟ್ಟಿ ಮಾಡಿದ ಜೋಸೆಫ್ ಪಿಲಾಟೀಸ್

ಕೋರ್ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಕೋರ್ ಬ್ರಾಂಚು, ಕೋರ್ ಕಂಪನಿ. ಆದರೆ ದಿನಕ್ಕೆ ಏಳೆಂಟು ಗಂಟೆ ಕ್ಲಾಸಿನ ಬೆಂಚು, ಲ್ಯಾಬ್ ಸ್ಟೂಲು, ಲ್ಯಾಪ್‌ಟಾಪು ಅಂತ ಬಾಗಿ ಕೂರುವ ನಮ್ಮ ಮೈಯಲ್ಲೂ ಒಂದು ಕೋರ್ ಇದೆ. ಹೊಟ್ಟೆ, ಸೊಂಟ, ಕೆಳಬೆನ್ನಿನ ಸುತ್ತ ಇರುವ ಸ್ನಾಯುಗಳೇ ಅದು. ಬಕೆಟ್ ಎತ್ತೋದು, ಬಸ್ಸಿನ ಮೆಟ್ಟಿಲು ಹತ್ತೋದು, ಬಿದ್ದ ಪೆನ್ನನ್ನು ಬಗ್ಗಿ ತಗೊಳ್ಳೋದು, ಎಲ್ಲದಕ್ಕೂ ಅದೇ ಆಧಾರ. ಇದನ್ನು ನೂರು ವರ್ಷದ ಹಿಂದೆಯೇ ಅರ್ಥಮಾಡಿಕೊಂಡು, ಅದಕ್ಕಾಗಿ ಯಂತ್ರಗಳನ್ನೇ ಕಟ್ಟಿದವರು ಜೋಸೆಫ್ ಪಿಲಾಟೀಸ್.

ಅವರು ಹುಟ್ಟಿದ್ದು 1883ರಲ್ಲಿ, ಜರ್ಮನಿಯ ಮೊಂಚೆನ್‌ಗ್ಲಾಡ್‌ಬಾಖ್ ಊರಿನಲ್ಲಿ. ಚಿಕ್ಕಂದಿನಲ್ಲಿ ಅಸ್ತಮಾ, ಮೂಳೆ ಮೆತ್ತಗಾಗುವ ರಿಕೆಟ್ಸ್, ಕೀಲುಜ್ವರ ಮೂರೂ ಕಾಡಿದವು. ಅಪ್ಪ ಲೋಹದ ಕೆಲಸಗಾರ, ಜೊತೆಗೆ ಜಿಮ್ನಾಸ್ಟಿಕ್ಸ್ ಬಲ್ಲವರು. ರೋಗಿಷ್ಟ ಹುಡುಗ ಹಟ ಹಿಡಿದು ಜಿಮ್ನಾಸ್ಟಿಕ್ಸ್, ಬಾಕ್ಸಿಂಗ್ ಎಲ್ಲ ಕಲಿತು ಗಟ್ಟಿಮುಟ್ಟಾದ. ಮುಂದೆ ಕೆಲಸ ಹುಡುಕಿಕೊಂಡು ಇಂಗ್ಲೆಂಡಿಗೆ ಹೋದರು.

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಜರ್ಮನ್ ಪ್ರಜೆ ಅನ್ನುವ ಒಂದೇ ಕಾರಣಕ್ಕೆ ಬ್ರಿಟಿಷರು ಅವರನ್ನು ಬಂಧಿಸಿದರು. ಐಲ್ ಆಫ್ ಮ್ಯಾನ್ ದ್ವೀಪದ ನಾಕಲೋ ಶಿಬಿರದಲ್ಲಿ ವರ್ಷಗಟ್ಟಲೆ ಕಳೆದರು. ಅಲ್ಲೇ ತಮ್ಮ ವ್ಯಾಯಾಮಗಳಿಗೆ ಒಂದು ಕ್ರಮ ಕಂಡುಕೊಂಡರು. ಹಾಸಿಗೆ ಹಿಡಿದವರ ಮಂಚಕ್ಕೆ ಸ್ಪ್ರಿಂಗ್ ಕಟ್ಟಿ, ಮಲಗಿದ್ದಲ್ಲೇ ಕೈಕಾಲು ಆಡಿಸುವಂತೆ ಮಾಡಿದರು ಅನ್ನೋ ಕಥೆಯನ್ನು ಅವರ ಶಿಷ್ಯರು ಇವತ್ತಿಗೂ ಹೇಳುತ್ತಾರೆ. ಮುಂದೆ ಅವರು ಕಟ್ಟಿದ ಯಂತ್ರಗಳಲ್ಲೊಂದು ನೋಡೋಕೆ ಥೇಟ್ ಆಸ್ಪತ್ರೆಯ ಮಂಚವೇ. ಇನ್ನೊಂದರ ಹೆಸರು ರಿಫಾರ್ಮರ್. ಚೌಕಟ್ಟಿನೊಳಗೆ ಹಿಂದೆ ಮುಂದೆ ಜಾರುವ ಹಲಗೆ, ಅದಕ್ಕೆ ಸ್ಪ್ರಿಂಗುಗಳು.

ಸ್ಪ್ರಿಂಗೇ ಯಾಕೆ? ಹೂಕ್‌ನ ನಿಯಮ ನೆನಪಿಸಿಕೊಳ್ಳೋಣ. ಎಳೆದಷ್ಟೂ ಬಲ ಹೆಚ್ಚುತ್ತದೆ; ಸ್ವಲ್ಪ ಸಡಿಲ ಬಿಟ್ಟರೂ ಸ್ಪ್ರಿಂಗ್ ನಮ್ಮನ್ನೇ ಎಳೆದುಕೊಂಡು ಹೋಗುತ್ತದೆ. ಅಂದರೆ ಎಳೆಯುವುದು ಅರ್ಧ ಕೆಲಸ ಮಾತ್ರ. ಜರ್ಕ್ ಇಲ್ಲದೆ ನಿಧಾನವಾಗಿ ವಾಪಸ್ ಬರೋದೇ ಕಷ್ಟದ ಅರ್ಧ. ಅದಕ್ಕೆ ಕೈಕಾಲಿನ ಶಕ್ತಿ ಸಾಲದು, ನಡು ಅಲುಗಾಡದೆ ನಿಲ್ಲಬೇಕು. ನಡು ನಿಲ್ಲೋದು ಹೇಗೆ? ಮೇಲೆ ವಪೆ, ಕೆಳಗೆ ಕಿಬ್ಬೊಟ್ಟೆಯ ತಳದ ಸ್ನಾಯುಗಳು, ಸುತ್ತಲೂ ಬೆಲ್ಟಿನ ಹಾಗೆ ಹೊಟ್ಟೆಯ ಆಳದ ಸ್ನಾಯು. ಇವೆಲ್ಲ ಒಟ್ಟಿಗೆ ಬಿಗಿಯಾದಾಗ ಒಳಗಿನ ಒತ್ತಡ ಏರಿ ಬೆನ್ನುಮೂಳೆಗೆ ಆಸರೆ ಸಿಗುತ್ತದೆ. ಮೆಕ್ಯಾನಿಕಲ್‌ನವರಿಗೆ ಪ್ರೆಷರ್ ವೆಸೆಲ್ ಅಂದರೆ ಸಾಕು! ಪಿಲಾಟೀಸ್ ತಮ್ಮ ಪದ್ಧತಿಗೆ ಇಟ್ಟ ಹೆಸರೂ ಕಂಟ್ರಾಲಜಿ, ಅಂದರೆ ಹಿಡಿತದ ವಿದ್ಯೆ.

1920ರ ದಶಕದಲ್ಲಿ ನ್ಯೂಯಾರ್ಕಿಗೆ ಹೋಗಿ, ಸಂಗಾತಿ ಕ್ಲಾರಾ ಜೊತೆ ಎಯ್ತ್ ಅವೆನ್ಯೂದಲ್ಲಿ ಸ್ಟುಡಿಯೋ ತೆರೆದರು. ಜಾರ್ಜ್ ಬಾಲಂಚೀನ್, ಮಾರ್ಥಾ ಗ್ರಹಾಂ ಅಂಥ ನೃತ್ಯ ದಿಗ್ಗಜರಿಗೂ ಆ ಜಾಗ ಗೊತ್ತಿತ್ತು. ಪೆಟ್ಟು ಬಿದ್ದ ನರ್ತಕರು ಅಲ್ಲಿಗೆ ಬರುತ್ತಿದ್ದರು. ಆದರೆ ಅವರ ಆಸೆ ನರ್ತಕರಿಗಷ್ಟೇ ಸೀಮಿತವಾಗಿರಲಿಲ್ಲ. ಮನೆಯಲ್ಲಿ ಚಾಪೆ ಹಾಸಿ ಯಾರು ಬೇಕಾದರೂ ಮಾಡಬಹುದಾದ 34 ವ್ಯಾಯಾಮಗಳನ್ನು 1945ರ ಪುಸ್ತಕದಲ್ಲಿ ಕೊಟ್ಟರು. ಯಂತ್ರ ಬೇಡ, ದುಡ್ಡೂ ಬೇಡ. ವೈದ್ಯಲೋಕ ಇದನ್ನು ಒಪ್ಪಬೇಕು ಅಂತ ತುಂಬಾ ಬಯಸಿದರು. ಬದುಕಿದ್ದಾಗ ಆ ಮನ್ನಣೆ ಸಿಗಲೇ ಇಲ್ಲ. ಉಸಿರಾಟಕ್ಕೆ ಅಷ್ಟು ಬೆಲೆ ಕೊಟ್ಟವರು ಸಿಗಾರ್ ಚಟ ಮಾತ್ರ ಬಿಟ್ಟವರಲ್ಲ. 1967ರಲ್ಲಿ, 83ನೇ ವಯಸ್ಸಿನಲ್ಲಿ ತೀರಿಕೊಂಡರು.

ಇವತ್ತು ಬೆನ್ನುನೋವಿಗೆ ಫಿಸಿಯೋಥೆರಪಿಯವರೇ ಪಿಲಾಟೀಸ್ ಹೇಳಿಕೊಡುತ್ತಾರೆ. 2000ದಲ್ಲಿ ಅಮೆರಿಕದ ನ್ಯಾಯಾಲಯವೊಂದು, ಆ ಹೆಸರು ಒಂದು ವ್ಯಾಯಾಮ ಪದ್ಧತಿಯದ್ದು, ಯಾರೊಬ್ಬರ ಟ್ರೇಡ್‌ಮಾರ್ಕೂ ಅಲ್ಲ ಅಂತ ತೀರ್ಪು ಕೊಟ್ಟಿತು. ಕಂಟ್ರಾಲಜಿ ಅನ್ನೋ ಹೆಸರು ಮರೆತುಹೋಯಿತು, ಅವರ ಮನೆತನದ ಹೆಸರೇ ಎಲ್ಲರ ಸೊತ್ತಾಯಿತು.

ನಮಗೆ ಇದರಿಂದ ಸಿಗೋ ಪಾಠ ಚಿಕ್ಕದು. ಕುರ್ಚಿ ಮೇಲೆ ದೊಪ್ಪನೆ ಬೀಳದೆ, ಕೈ ಊರದೆ, ಐದು ಎಣಿಸುತ್ತಾ ಮೆಲ್ಲಗೆ ಕೂತು ನೋಡೋಣ. ಏಳೋದಕ್ಕಿಂತ ಕೂರೋದರಲ್ಲೇ ನಮ್ಮ ಕೋರ್ ಎಷ್ಟು ಗಟ್ಟಿ ಅಂತ ಗೊತ್ತಾಗುತ್ತೆ!