ಭಟ್ಟಾಕಳಂಕದೇವ

ಭಟ್ಕಳ ತಾಲ್ಲೂಕಿನ ಹಾಡುವಳ್ಳಿಗೆ ಹಿಂದೆ ಸಂಗೀತಪುರವೆಂಬ ಹೆಸರಿತ್ತು. ಅಲ್ಲಿಯ ಜೈನ ಮಠದ ಅಕಳಂಕದೇವರ ಶಿಷ್ಯರು ಭಟ್ಟಾಕಳಂಕರು. ಕನ್ನಡವು ಶಾಸ್ತ್ರಕ್ಕೆ ತಕ್ಕ ಭಾಷೆಯಲ್ಲವೆಂದು ಕೆಲವು ಪಂಡಿತರು ಹಳಿಯುತ್ತಿದ್ದ ಕಾಲವದು. ಬರಿಯ ವಾದದಿಂದ ತೃಪ್ತರಾಗದೆ, ಭಟ್ಟಾಕಳಂಕರು ಆ ಪಂಡಿತರು ಮನ್ನಿಸುವ ಸಂಸ್ಕೃತದಲ್ಲಿಯೇ ಕನ್ನಡಕ್ಕೊಂದು ವ್ಯಾಕರಣವನ್ನು ರಚಿಸತೊಡಗಿದರು. ಪೂರ್ವಕವಿಗಳ ಕಾವ್ಯಗಳಿಂದ ಪ್ರಯೋಗಗಳನ್ನು ಆಯ್ದು, ಒಂದೊಂದು ನಿಯಮವನ್ನೂ ಕಿರಿದಾದ ಸೂತ್ರದಲ್ಲಿ ಅಡಕಗೊಳಿಸಿದರು. ಸೂತ್ರಗಳಿಗೆ ವೃತ್ತಿಯನ್ನೂ ಆ ವೃತ್ತಿಗೆ ವ್ಯಾಖ್ಯಾನವನ್ನೂ ತಾವೇ ಬರೆದರು. ಹೀಗೆ 592 ಸೂತ್ರಗಳ ‘ಕರ್ಣಾಟಕ ಶಬ್ದಾನುಶಾಸನ’ವು 1604ರಲ್ಲಿ ಪೂರ್ಣಗೊಂಡಿತು.

ಬಿಡಿಯಾಗಿ ನೋಡಿದರೆ ಒಂದು ಸೂತ್ರವು ಅತ್ಯಲ್ಪ. ಒಂದನ್ನೂ ಉಪೇಕ್ಷಿಸದೆ ಕೂಡಿಸುತ್ತ ಹೋದುದರಿಂದ, ಕನ್ನಡವನ್ನು ಹಳಿದವರಿಗೆ ಉತ್ತರವಾಗಬಲ್ಲ ಶಾಸ್ತ್ರವೇ ಸಿದ್ಧವಾಯಿತು. ನಾಲ್ಕು ಶತಮಾನಗಳು ಕಳೆದರೂ ವಿದ್ವಾಂಸರು ಅದನ್ನು ಅಭ್ಯಸಿಸುತ್ತಿದ್ದಾರೆ. ಹನಿಗೂಡಿ ಹಳ್ಳವಾಗುವಂತೆ, ನಿತ್ಯದ ಕಿರುದುಡಿಮೆ ಕೂಡಿಯೇ ವಿದ್ವತ್ತು ಬೆಳೆಯುತ್ತದೆ.