ಮುಪ್ಪಿನ ಮೂಲವನ್ನು ಕರುಳಿನಲ್ಲಿ ಅರಸಿದ ಮೆಚ್ನಿಕಾಫ್

ಮನುಷ್ಯನಿಗೆ ಮುಪ್ಪು ಬರುವುದೇಕೆ? ಋಷಿಮುನಿಗಳನ್ನೂ ರಾಜಮಹಾರಾಜರನ್ನೂ ಕಾಡಿದ ಈ ಪ್ರಶ್ನೆಗೆ ದೊಡ್ಡ ಕರುಳಿನಲ್ಲಿ ಉತ್ತರ ಹುಡುಕಿದ ವಿಜ್ಞಾನಿ ಎಲಿ ಮೆಚ್ನಿಕಾಫ್. ರೋಗನಿರೋಧಕ ಶಕ್ತಿಯ ಸಂಶೋಧನೆಗಾಗಿ 1908ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಈ ಮಹಾನುಭಾವ ಕೊಟ್ಟ ಉತ್ತರ ಅರ್ಧ ತಪ್ಪಾಗಿತ್ತು. ಆದರೆ ಉಳಿದ ಅರ್ಧದ ಬೆಲೆ ಜಗತ್ತಿಗೆ ಅರಿವಾಗಲು ಸುಮಾರು ಒಂದು ಶತಮಾನವೇ ಬೇಕಾಯಿತು.

ಮೆಚ್ನಿಕಾಫ್ ಹುಟ್ಟಿದ್ದು 1845ರ ಮೇ ತಿಂಗಳಿನಲ್ಲಿ, ಅಂದಿನ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ, ಇಂದಿನ ಉಕ್ರೇನ್ ದೇಶದ ಖಾರ್ಕಿವ್ ಬಳಿಯ ಹಳ್ಳಿಯೊಂದರಲ್ಲಿ. ತಂದೆ ಸೇನಾಧಿಕಾರಿ. ನಾಲ್ಕು ವರ್ಷಗಳ ವಿಶ್ವವಿದ್ಯಾಲಯದ ವ್ಯಾಸಂಗವನ್ನು ಎರಡೇ ವರ್ಷಗಳಲ್ಲಿ ಮುಗಿಸಿದ ಅವರು, 1870ರಲ್ಲಿ, ಇಪ್ಪತ್ತೈದರ ಹರೆಯದಲ್ಲಿಯೇ ಒಡೆಸ್ಸಾದಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾದರು.

ಸಾವಿನ ನೆರಳಿನಲ್ಲಿ

ವಿದ್ಯೆ ಒಲಿದಷ್ಟು ಸುಲಭವಾಗಿ ಸಂಸಾರ ಸುಖ ಒಲಿಯಲಿಲ್ಲ. 1869ರಲ್ಲಿ ಅವರ ಕೈಹಿಡಿದ ಲುದ್ಮಿಲಾ ಕ್ಷಯರೋಗದಿಂದ ಅದೆಷ್ಟು ಬಳಲಿದ್ದರೆಂದರೆ, ಮದುವೆಯ ದಿನ ಅವರನ್ನು ಕುರ್ಚಿಯಲ್ಲಿ ಕೂರಿಸಿ ಚರ್ಚಿಗೆ ಹೊತ್ತೊಯ್ಯಬೇಕಾಯಿತು. 1873ರಲ್ಲಿ ಆಕೆ ಮಡೀರಾ ದ್ವೀಪದಲ್ಲಿ ಕೊನೆಯುಸಿರೆಳೆದರು. ದುಃಖ ತಾಳಲಾರದೆ ಮೆಚ್ನಿಕಾಫ್ ಪ್ರಾಣ ಕಳೆದುಕೊಳ್ಳಲು ಯತ್ನಿಸಿ ಬದುಕಿ ಉಳಿದರು. 1875ರಲ್ಲಿ ವರಿಸಿದ ಓಲ್ಗಾ ಕೂಡ ಐದು ವರ್ಷಗಳ ಬಳಿಕ ವಿಷಮಶೀತ ಜ್ವರದಿಂದ ಸಾವಿನಂಚಿಗೆ ಹೋಗಿ ಬಂದರು. ಸಾವನ್ನು ಇಷ್ಟು ಹತ್ತಿರದಿಂದ ಕಂಡ ವ್ಯಕ್ತಿ, ಮುಂದೆ ದೀರ್ಘಾಯುಷ್ಯದ ಪ್ರತಿಪಾದಕನಾದುದು ಆಶ್ಚರ್ಯವೇನಲ್ಲ.

ರಾಜಕೀಯ ಕ್ಷೋಭೆಯಿಂದ ಬೇಸತ್ತು 1882ರಲ್ಲಿ ಹುದ್ದೆ ತ್ಯಜಿಸಿದ ಅವರು ಇಟಲಿಯ ಮೆಸ್ಸಿನಾ ನಗರಕ್ಕೆ ತೆರಳಿದರು. ಅಲ್ಲಿ ಒಂದು ದಿನ ಮನೆಯವರೆಲ್ಲ ಸರ್ಕಸ್ ನೋಡಲು ಹೋಗಿದ್ದಾಗ, ನಕ್ಷತ್ರ ಮೀನಿನ ಪಾರದರ್ಶಕ ಮರಿಗಳಿಗೆ ಮುಳ್ಳು ಚುಚ್ಚಿ ಕಾದರು. ಮರುದಿನ ಬೆಳಿಗ್ಗೆ ಮುಳ್ಳಿನ ಸುತ್ತ ಚಲಿಸುವ ಕೋಶಗಳು ಮುತ್ತಿಗೆ ಹಾಕಿದ್ದವು. ದೇಹಕ್ಕೆ ನುಗ್ಗಿದ ರೋಗಾಣುಗಳನ್ನು ಬಿಳಿ ರಕ್ತಕಣಗಳು ನುಂಗಿ ಹಾಕುತ್ತವೆ ಎಂಬ ಸಿದ್ಧಾಂತ ಹುಟ್ಟಿದ್ದು ಹೀಗೆ. ಜರ್ಮನಿಯ ಪಂಡಿತರು ವರ್ಷಗಟ್ಟಲೆ ಇದನ್ನು ವಿರೋಧಿಸಿದರು. ಆದರೆ ಲೂಯಿ ಪಾಶ್ಚರ್ ಅವರು 1888ರಲ್ಲಿ ಪ್ಯಾರಿಸ್ಸಿನ ತಮ್ಮ ಸಂಸ್ಥೆಯಲ್ಲಿ ಮೆಚ್ನಿಕಾಫ್ ಅವರಿಗೆ ಪ್ರಯೋಗಾಲಯವನ್ನೇ ಒದಗಿಸಿಕೊಟ್ಟರು.

ಕರುಳಿನೊಳಗಿನ ಶತ್ರು

ವಯಸ್ಸು ಏರಿದಂತೆ ಮೆಚ್ನಿಕಾಫ್ ಅವರ ಚಿತ್ತ ಮುಪ್ಪಿನತ್ತ ಹೊರಳಿತು. ದೊಡ್ಡ ಕರುಳಿನಲ್ಲಿ ವಾಸಿಸುವ ಕೋಟ್ಯಂತರ ಸೂಕ್ಷ್ಮಜೀವಿಗಳು ಆಹಾರದ ಶೇಷವನ್ನು ಕೊಳೆಯಿಸಿ ಫಿನಾಲ್, ಕ್ರೆಸಾಲ್, ಇಂಡೋಲ್ ಮೊದಲಾದ ವಿಷಗಳನ್ನು ತಯಾರಿಸುತ್ತವೆ, ಆ ವಿಷ ರಕ್ತಕ್ಕೆ ಸೇರಿ ರಕ್ತನಾಳಗಳನ್ನು ಪೆಡಸುಗೊಳಿಸುತ್ತದೆ, ಮುಪ್ಪು ಬರುವುದು ಹೀಗೆ ಎಂಬುದು ಅವರ ವಾದ. ದೊಡ್ಡ ಕರುಳೇ ಮನುಷ್ಯನಿಗೆ ಬೇಡವಾದ ಅಂಗವೆಂದೂ ಅವರು ಬಗೆದಿದ್ದರು. ಈ ವಾದದ ಪ್ರಭಾವಕ್ಕೆ ಒಳಗಾಗಿ, ಲಂಡನ್ನಿನ ಶಸ್ತ್ರವೈದ್ಯ ಅರ್ಬತ್ನಾಟ್ ಲೇನ್ ರೋಗಿಗಳ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯುವ ಮಟ್ಟಕ್ಕೆ ಹೋದರು!

ಮೆಚ್ನಿಕಾಫ್ ಸೂಚಿಸಿದ ಪರಿಹಾರ ಸೌಮ್ಯವಾದುದು. ಬಲ್ಗೇರಿಯಾದ ರೈತರ ದೀರ್ಘಾಯುಷ್ಯಕ್ಕೆ ಅವರು ಸೇವಿಸುವ ಹುಳಿ ಹಾಲೇ ಕಾರಣವೆಂದು ನಂಬಿ, ತಾವೂ ನಿತ್ಯ ಅದನ್ನು ಕುಡಿದರು. ರೋಗಾಣುಗಳ ಭಯದಿಂದ ಬೇಯಿಸದ ಆಹಾರವನ್ನು ಬಿಟ್ಟರು. 1907ರಲ್ಲಿ ಅವರ ಪುಸ್ತಕ ಪ್ರಕಟವಾದ ಮೇಲೆ ಹುಳಿ ಹಾಲಿನ ಖ್ಯಾತಿ ಯೂರೋಪಿನಾದ್ಯಂತ ಹಬ್ಬಿತು. ಮನೆಮನೆಯಲ್ಲೂ ಮಜ್ಜಿಗೆ ಕಡೆಯುವ ನಮ್ಮವರಿಗೆ ಇದು ಸೋಜಿಗವೆನಿಸಬಹುದು.

1916ರ ಜುಲೈನಲ್ಲಿ, 71ನೆಯ ವಯಸ್ಸಿನಲ್ಲಿ, ಹೃದ್ರೋಗದಿಂದ ಅವರು ತೀರಿಕೊಂಡರು. ಮರಣೋತ್ತರ ಪರೀಕ್ಷೆಯಲ್ಲಿ ತಮ್ಮ ಕರುಳನ್ನು ಗಮನವಿಟ್ಟು ನೋಡಬೇಕೆಂದು ಸಹೋದ್ಯೋಗಿಗೆ ತಿಳಿಸಿದ್ದರು. ಅವರ ಚಿತಾಭಸ್ಮವನ್ನು ಪಾಶ್ಚರ್ ಸಂಸ್ಥೆಯಲ್ಲಿಯೇ ಇರಿಸಲಾಗಿದೆ. ಬಲ್ಗೇರಿಯಾದ ಆ ಸೂಕ್ಷ್ಮಜೀವಿ ಮನುಷ್ಯನ ಕರುಳಿನಲ್ಲಿ ನೆಲೆಯೂರುವುದಿಲ್ಲವೆಂದು 1920ರ ದಶಕದಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದ ಮೇಲೆ, ಅವರ ಮುಪ್ಪಿನ ಸಿದ್ಧಾಂತ ಮೂಲೆ ಸೇರಿತು.

ಒಗರಿನ ಒಡಲಲ್ಲಿ ಒಳಿತು

ಮೆಚ್ನಿಕಾಫ್ ಕಂಡ ವಿಷಗಳು ಸುಳ್ಳಲ್ಲ. ಕ್ರೆಸಾಲ್ ಮತ್ತು ಇಂಡೋಲ್‌ಗಳಿಂದ ಉಂಟಾಗುವ ವಸ್ತುಗಳು ಮೂತ್ರಪಿಂಡ ಸೋತವರ ರಕ್ತದಲ್ಲಿ ಶೇಖರವಾಗಿ ಹಾನಿ ಮಾಡುತ್ತವೆಂಬುದನ್ನು ಇಂದಿನ ವೈದ್ಯವಿಜ್ಞಾನ ಗುರುತಿಸಿದೆ. ಅವರು ಕಾಣದೆ ಹೋದುದು ನಾಣ್ಯದ ಇನ್ನೊಂದು ಮುಖವನ್ನು.

ಹಣ್ಣು, ಕಾಳು, ಚಹಾ, ಸೊಪ್ಪುಗಳಲ್ಲಿ ಪಾಲಿಫಿನಾಲ್ ಎಂಬ ಸಸ್ಯಜನ್ಯ ವಸ್ತುಗಳಿವೆ. ದಾಳಿಂಬೆ ಸಿಪ್ಪೆ ನಾಲಿಗೆಗೆ ಒಗರೆನಿಸುವುದು ಇವುಗಳಿಂದಲೇ. ನಾವು ತಿನ್ನುವ ಪಾಲಿಫಿನಾಲ್‌ಗಳಲ್ಲಿ ಸಣ್ಣ ಕರುಳು ಹೀರಿಕೊಳ್ಳುವುದು ಸುಮಾರು ಶೇ. 5ರಿಂದ 10ರಷ್ಟನ್ನು ಮಾತ್ರವೆಂದು ಅಂದಾಜಿಸಲಾಗಿದೆ. ಉಳಿದುದೆಲ್ಲ ದೊಡ್ಡ ಕರುಳಿಗೆ ಇಳಿದು ಸೂಕ್ಷ್ಮಜೀವಿಗಳ ಪಾಲಾಗುತ್ತದೆ. ಅವು ಅದನ್ನು ಒಡೆದು, ದೇಹ ಹೀರಬಲ್ಲ ಚಿಕ್ಕ ವಸ್ತುಗಳನ್ನಾಗಿ ಮಾರ್ಪಡಿಸುತ್ತವೆ. ಸೋಯಾ ಅವರೆಯಿಂದ ಈಕ್ವಾಲ್, ದಾಳಿಂಬೆ ಹಾಗೂ ಅಕ್ರೋಟಿನಿಂದ ಯುರೊಲಿಥಿನ್ ಹುಟ್ಟುವುದು ಹೀಗೆಯೇ.

ಮೆಚ್ನಿಕಾಫ್ ತೀರಿಕೊಂಡು ಸರಿಯಾಗಿ ನೂರು ವರ್ಷ ತುಂಬಿದ 2016ರ ಜುಲೈನಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್ ನಗರದ ವಿಜ್ಞಾನಿಗಳು ಮಹತ್ವದ ಫಲಿತಾಂಶವೊಂದನ್ನು ಪ್ರಕಟಿಸಿದರು. ಕೋಶಗಳಿಗೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳು ಸವೆದಾಗ ಅವುಗಳನ್ನು ವಿಲೇವಾರಿ ಮಾಡುವ ಕ್ರಿಯೆಗೆ ಯುರೊಲಿಥಿನ್-ಎ ಚಾಲನೆ ನೀಡುತ್ತದೆ. ಇದನ್ನು ಪಡೆದ ಸೂಕ್ಷ್ಮ ಹುಳುಗಳ ಆಯುಸ್ಸು ಶೇ. 45ರಷ್ಟು ಹೆಚ್ಚಿತು. ಮುದಿ ಇಲಿಗಳು ಹೆಚ್ಚು ಹೊತ್ತು ಓಡಿದವು.

ಮನುಷ್ಯರ ವಿಷಯದಲ್ಲಿ ಮಾತ್ರ ಇಷ್ಟು ಉತ್ಸಾಹ ಸಲ್ಲದು. 65ರಿಂದ 90 ವರ್ಷದೊಳಗಿನ 66 ಮಂದಿಯ ಮೇಲೆ ನಾಲ್ಕು ತಿಂಗಳು ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸ್ನಾಯುಗಳ ತಾಳಿಕೆ ಸುಧಾರಿಸಿತಾದರೂ, ಆರು ನಿಮಿಷಗಳಲ್ಲಿ ನಡೆಯುವ ದೂರದಲ್ಲಿ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ಮನುಷ್ಯನ ಆಯುಸ್ಸು ಹೆಚ್ಚುತ್ತದೆ ಎಂಬುದಕ್ಕೆ ಪುರಾವೆಯಿಲ್ಲ. ಇನ್ನೊಂದು ತೊಡಕೆಂದರೆ, ಯುರೊಲಿಥಿನ್ ತಯಾರಿಸುವ ಸೂಕ್ಷ್ಮಜೀವಿಗಳು ಎಲ್ಲರ ಕರುಳಿನಲ್ಲೂ ಇರುವುದಿಲ್ಲ. ಒಂದೇ ದಾಳಿಂಬೆಯನ್ನು ಹಂಚಿಕೊಂಡು ತಿಂದ ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ಅದು ದಕ್ಕಿ, ಇನ್ನೊಬ್ಬನಿಗೆ ದಕ್ಕದೆ ಹೋಗಬಹುದು.

ಕರುಳಿನ ಜೀವಿಗಳು ತಯಾರಿಸಿದ್ದು ರಕ್ತ ಸೇರಿ ದೇಹದ ಹಣೆಬರಹವನ್ನೇ ತಿದ್ದಬಲ್ಲದು ಎಂಬ ಮೆಚ್ನಿಕಾಫ್ ಅವರ ಮೂಲ ಊಹೆ ಇಂದಿಗೂ ಗಟ್ಟಿಯಾಗಿ ನಿಂತಿದೆ. ಆದರೆ ಆ ಜೀವಿಗಳು ವಿಷ ತಯಾರಿಸುತ್ತವೆಯೋ, ಔಷಧ ತಯಾರಿಸುತ್ತವೆಯೋ ಎಂಬುದು ಬಹುಪಾಲು ನಾವು ಅವುಗಳಿಗೆ ಉಣಬಡಿಸುವ ಆಹಾರವನ್ನೇ ಅವಲಂಬಿಸಿದೆ. ದುಬಾರಿ ಗುಳಿಗೆಗಳ ಫಲ ಖಚಿತವಾಗುವವರೆಗೆ ಹಣ್ಣು, ಸೊಪ್ಪು, ಕಾಳುಗಳಿಂದ ಕೂಡಿದ ಊಟವೇ ನಂಬಿಕೆಗೆ ಯೋಗ್ಯವಾದ ದಾರಿ.