ಭೇದವನ್ನು ಅಳೆದ ಬಾಳು: ಪ್ರಶಾಂತಚಂದ್ರ ಮಹಾಲನೋಬಿಸ್

ಹಂಡೆಯಲ್ಲಿ ಅನ್ನ ಬೆಂದಿದೆಯೇ ಎಂದು ತಿಳಿಯಲು ಅಡಿಗೆಯವನು ಒಂದು ಅಗುಳನ್ನು ಹಿಸುಕಿ ನೋಡುತ್ತಾನೆ. ಒಂದೇ ಅಕ್ಕಿ, ಒಂದೇ ನೀರು, ಒಂದೇ ಬೆಂಕಿ ಇರುವಲ್ಲಿ ಅಷ್ಟೇ ಸಾಕು. ಆದರೆ ಒಂದು ಪ್ರಾಂತದ ಲಕ್ಷಾಂತರ ಹೊಲಗಳಲ್ಲಿ ಬೆಳೆ ಎಷ್ಟಾಯಿತು, ಕೋಟ್ಯಂತರ ಮನೆಗಳಲ್ಲಿ ಜನರು ಏನನ್ನು ಉಣ್ಣುತ್ತಾರೆ ಎಂಬುದನ್ನು ತಿಳಿಯಬೇಕಾದರೆ ಒಂದಗುಳಿನ ನ್ಯಾಯವು ಸಲ್ಲದು. ಹೊಲದಿಂದ ಹೊಲಕ್ಕೆ ಭೇದವುಂಟು. ಮನೆಯಿಂದ ಮನೆಗೆ ಭೇದವುಂಟು. ಅಳೆಯುವವನ ಕೈಯಿಂದ ಕೈಗೂ ಭೇದವುಂಟು. ಈ ಭೇದವನ್ನು ತೊಡಕೆಂದು ತಳ್ಳಿಬಿಡದೆ, ಅದನ್ನೇ ಅಳೆದು, ಅದರಿಂದಲೇ ಸತ್ಯವನ್ನು ಹೊರತೆಗೆಯುವ ದಾರಿಯನ್ನು ಭಾರತದಲ್ಲಿ ತೋರಿಸಿಕೊಟ್ಟ ಮಹನೀಯರು ಪ್ರಶಾಂತಚಂದ್ರ ಮಹಾಲನೋಬಿಸ್ ಅವರು. ಅವರ ಜೀವನವೃತ್ತಾಂತವನ್ನು ಇಂದು ವಾಚಕರ ಮುಂದಿಡುತ್ತಿದ್ದೇವೆ.

ಮಹಾಲನೋಬಿಸರು 1893ನೆಯ ಜೂನ್ 29ರಂದು ಕಲಕತ್ತೆಯಲ್ಲಿ ಬ್ರಾಹ್ಮಸಮಾಜದ ಮನೆತನವೊಂದರಲ್ಲಿ ಜನಿಸಿದರು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಓದಿ 1912ರಲ್ಲಿ ಪದವೀಧರರಾದರು. ಮರುವರ್ಷ ಇಂಗ್ಲೆಂಡಿಗೆ ತೆರಳಿ ಕೇಂಬ್ರಿಜ್ಜಿನ ಕಿಂಗ್ಸ್ ಕಾಲೇಜನ್ನು ಸೇರಿದರು. ಗಣಿತಜ್ಞ ರಾಮಾನುಜನ್ನರು ಆಗ ಕೇಂಬ್ರಿಜ್ಜಿನಲ್ಲಿದ್ದರು. ಇಬ್ಬರಿಗೂ ಅಲ್ಲಿ ಒಡನಾಟವಿತ್ತು. 1915ರಲ್ಲಿ ವ್ಯಾಸಂಗವನ್ನು ಮುಗಿಸಿ ಸ್ವದೇಶಕ್ಕೆ ಹೊರಡಬೇಕೆಂದಿದ್ದಾಗ ಯುದ್ಧದ ಕಾರಣದಿಂದ ಪ್ರಯಾಣವು ತಡವಾಯಿತು. ಆ ಬಿಡುವಿನಲ್ಲಿ ಕಾಲೇಜಿನ ಅಧ್ಯಾಪಕರೊಬ್ಬರು ಬಯೋಮೆಟ್ರಿಕಾ ಎಂಬ ಪತ್ರಿಕೆಯತ್ತ ಅವರ ಗಮನವನ್ನು ಸೆಳೆದರು. ಜೀವಿಗಳಲ್ಲಿ ಕಾಣುವ ವ್ಯತ್ಯಾಸಗಳನ್ನು ಗಣಿತದಿಂದ ಅಳೆಯುವುದೇ ಆ ಪತ್ರಿಕೆಯ ವಿಷಯ. ಯುವಕರು ಅದರ ಸಂಪುಟಗಳನ್ನೆಲ್ಲ ಕೊಂಡು ಹಡಗಿನಲ್ಲಿಯೇ ಓದತೊಡಗಿದರು. ಭೌತಶಾಸ್ತ್ರದ ಅಧ್ಯಾಪಕರಾಗಿ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದರೂ ಅವರ ಮನಸ್ಸು ಆ ಹೊಸ ಶಾಸ್ತ್ರದಲ್ಲಿ ನೆಲೆಸಿತ್ತು.

ಮೊದಲು ಅವರನ್ನು ಕರೆದದ್ದು ಮಾನವಶಾಸ್ತ್ರ. 1920ರಲ್ಲಿ ನಾಗಪುರದ ವಿಜ್ಞಾನ ಸಮ್ಮೇಳನದಲ್ಲಿ ಪ್ರಾಣಿಶಾಸ್ತ್ರ ಸರ್ವೇಕ್ಷಣ ಇಲಾಖೆಯ ನಿರ್ದೇಶಕ ನೆಲ್ಸನ್ ಆನಂಡೇಲರ ಭೇಟಿಯಾಯಿತು. ಕಲಕತ್ತೆಯ ಆಂಗ್ಲೋ-ಇಂಡಿಯನ್ನರ ದೇಹದ ಅಳತೆಗಳು ಆನಂಡೇಲರಲ್ಲಿದ್ದುವು. ಅವುಗಳ ಅರ್ಥವನ್ನು ಬಿಡಿಸಿಕೊಡಬೇಕೆಂದು ಅವರು ಕೇಳಿದರು. ಎರಡು ಜನಸಮೂಹಗಳು ಪರಸ್ಪರ ಎಷ್ಟು ಹತ್ತಿರ, ಎಷ್ಟು ದೂರ ಎಂಬ ಪ್ರಶ್ನೆಯು ಅಲ್ಲಿಂದ ಹುಟ್ಟಿತು. ಇದು ನೋಡುವುದಕ್ಕೆ ಸುಲಭ, ಬಿಡಿಸುವುದಕ್ಕೆ ಕಠಿಣ. ಎತ್ತರದಲ್ಲಿ ಅರ್ಧ ಅಂಗುಲದ ಅಂತರವು ಏನೂ ಅಲ್ಲ. ಒಂದೇ ಮನೆಯ ಅಣ್ಣತಮ್ಮಂದಿರಲ್ಲಿಯೂ ಅದಕ್ಕಿಂತ ಹೆಚ್ಚಿನ ಅಂತರವಿರುತ್ತದೆ. ಅದೇ ಅರ್ಧ ಅಂಗುಲವು ಮೂಗಿನ ಅಗಲದಲ್ಲಿ ಬಂದರೆ ಬಹು ದೊಡ್ಡದು. ಆದುದರಿಂದ ಯಾವ ಅಂತರವನ್ನೂ ಆ ಲಕ್ಷಣವು ಸಮೂಹದೊಳಗೇ ಎಷ್ಟು ಏರಿಳಿಯುತ್ತದೆ ಎಂಬುದರೊಡನೆ ತೂಗಿ ನೋಡಬೇಕು. ಮೇಲಾಗಿ ಎತ್ತರದವನಿಗೆ ಸಾಮಾನ್ಯವಾಗಿ ತೋಳೂ ಉದ್ದ. ಎರಡನ್ನೂ ಬೇರೆ ಬೇರೆ ಲೆಕ್ಕಕ್ಕೆ ಹಿಡಿದರೆ ಒಂದೇ ಬಾಬನ್ನು ಎರಡು ಸಲ ಜಮಾ ಮಾಡಿದಂತಾಗುತ್ತದೆ. ಈ ಎರಡು ದೋಷಗಳನ್ನೂ ನೀಗುವ ಸೂತ್ರವನ್ನು ಅವರು ವರ್ಷಗಳ ಕಾಲ ತಿದ್ದಿ 1936ರಲ್ಲಿ ಪೂರ್ಣರೂಪದಲ್ಲಿ ಪ್ರಕಟಿಸಿದರು. ಮಹಾಲನೋಬಿಸ್ ದೂರವೆಂದೇ ಲೋಕವು ಅದನ್ನು ಕರೆಯುತ್ತದೆ. ಇಂದು ಉಪಗ್ರಹದ ಚಿತ್ರಗಳಲ್ಲಿ ಕಾಡು, ಹೊಲಗಳನ್ನು ಬೇರ್ಪಡಿಸುವಲ್ಲಿಯೂ, ಲೆಕ್ಕದ ರಾಶಿಯಲ್ಲಿ ಹೊಂದದ ಅಂಕಿಯನ್ನು ಹಿಡಿಯುವಲ್ಲಿಯೂ ಅದೇ ಸೂತ್ರವು ಬಳಕೆಯಲ್ಲಿದೆ.

ಆ ಕಾಲದಲ್ಲಿ ತಲೆ, ಮೂಗುಗಳನ್ನು ಅಳೆದು ಜನರನ್ನು ಮೇಲುಕೀಳೆಂದು ಸಾಲಿಡುವ ವಿದ್ವಾಂಸರಿದ್ದರು. ಆ ಅಳತೆಗಳ ಹಾದಿಯಲ್ಲಿಯೇ ನಡೆದ ಮಹಾಲನೋಬಿಸರಿಗೆ 1925ರಲ್ಲಿ ಕಂಡದ್ದು ಬೇರೆ. ಬಂಗಾಳದ ಬ್ರಾಹ್ಮಣರು ಹೊರಪ್ರಾಂತಗಳ ಬ್ರಾಹ್ಮಣರಿಗಿಂತ ತಮ್ಮ ನಾಡಿನ ಇತರ ಜಾತಿಗಳನ್ನೇ ಹೆಚ್ಚು ಹೋಲುತ್ತಿದ್ದರು. ಅಷ್ಟಕ್ಕೆ ಅವರು ನಿಲ್ಲಲಿಲ್ಲ. ತಾವು ಆಧರಿಸಿದ ರಿಸ್ಲೆಯವರ ಹಳೆಯ ಅಳತೆಗಳನ್ನೇ ಮರಳಿ ಶೋಧಿಸಿ, ಅವುಗಳ ತಿದ್ದುಪಡಿಯನ್ನು 1933ರಲ್ಲಿ ಪ್ರಕಟಿಸಿದರು. ವಸ್ತುವಿನ ಭೇದ ಬೇರೆ, ಅಳೆಯುವವನ ತಪ್ಪು ಬೇರೆ; ಎರಡನ್ನೂ ಬೇರ್ಪಡಿಸದೆ ಶಾಸ್ತ್ರವಿಲ್ಲ ಎಂಬುದೇ ಅವರ ಬಾಳಿನ ಮೂಲಪಾಠವೆಂದು ನಾವು ಭಾವಿಸುತ್ತೇವೆ.

ಎರಡನೆಯ ಕರೆ ನದಿಗಳಿಂದ ಬಂದಿತು. 1922ರಲ್ಲಿ ಉತ್ತರ ಬಂಗಾಳವು ಮಹಾಪ್ರವಾಹಕ್ಕೆ ತುತ್ತಾಯಿತು. ನೀರನ್ನು ತಡೆದಿಡುವ ದೊಡ್ಡ ಜಲಾಶಯಗಳನ್ನು ಕಟ್ಟಬೇಕೆಂಬ ವೆಚ್ಚದ ಯೋಜನೆಯು ಮುಂದೆ ಬಂದಿತು. ಆಗ ಹವಾಮಾನ ಇಲಾಖೆಯ ಕೆಲಸವನ್ನೂ ನೋಡಿಕೊಳ್ಳುತ್ತಿದ್ದ ಮಹಾಲನೋಬಿಸರು ಸುಮಾರು ಐವತ್ತು ವರ್ಷಗಳ ಮಳೆ ಮತ್ತು ನೆರೆಯ ದಾಖಲೆಗಳನ್ನು ಶೋಧಿಸಿ, ಅಲ್ಲಿ ಬೇಕಾದದ್ದು ನೀರು ಬೇಗನೆ ಹರಿದುಹೋಗುವ ದಾರಿಯೇ ಹೊರತು ತಡೆಯಲ್ಲವೆಂದು ತೋರಿಸಿದರು. 1926ರಲ್ಲಿ ಒರಿಸ್ಸಾದ ಬ್ರಾಹ್ಮಣೀ ನದಿಯು ಉಕ್ಕಿದಾಗ, ನದಿಯ ಪಾತ್ರವೇ ಮೇಲೆದ್ದಿದೆ, ಒಡ್ಡುಗಳನ್ನು ಎತ್ತರಿಸಬೇಕು ಎಂದು ಇಂಜಿನಿಯರರು ನಂಬಿದ್ದರು. ಅರವತ್ತು ವರ್ಷಗಳ ಅಂಕಿಗಳನ್ನು ನೋಡಿದ ಮಹಾಲನೋಬಿಸರಿಗೆ ಪಾತ್ರವು ಮೇಲೆದ್ದ ಕುರುಹು ಕಾಣಲಿಲ್ಲ; ನದಿಯ ಮೇಲ್ಭಾಗದಲ್ಲಿ ಅಣೆಕಟ್ಟು ಕಟ್ಟುವುದೇ ಉಪಾಯವೆಂದರು. ವರ್ಷದಿಂದ ವರ್ಷಕ್ಕೆ ಮಳೆಯು ಸಹಜವಾಗಿ ಎಷ್ಟು ಏರಿಳಿಯುತ್ತದೆಂದು ಬಲ್ಲವನಿಗೆ ಮಾತ್ರ ಒಂದು ಕೆಟ್ಟ ವರ್ಷದಿಂದ ದುಡುಕದಿರುವುದು ಸಾಧ್ಯ.

ಪ್ರೆಸಿಡೆನ್ಸಿ ಕಾಲೇಜಿನ ತಮ್ಮ ಕೊಠಡಿಯಲ್ಲಿಯೇ ಅವರು ಸಣ್ಣದೊಂದು ಪ್ರಯೋಗಶಾಲೆಯನ್ನು ನಡೆಸುತ್ತಿದ್ದರು. ಅದರಿಂದ 1931ನೆಯ ಡಿಸೆಂಬರಿನಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯು ಜನಿಸಿತು. ಮೊದಲ ವರ್ಷದ ವೆಚ್ಚವು ಇನ್ನೂರೈವತ್ತು ರೂಪಾಯಿಗಳನ್ನು ಮುಟ್ಟಲಿಲ್ಲ. 1933ರಲ್ಲಿ ಸಂಖ್ಯಾ ಎಂಬ ಪತ್ರಿಕೆಯೂ ಹೊರಟಿತು. ರಾಜಚಂದ್ರ ಬೋಸ್, ಎಸ್. ಎನ್. ರಾಯ್ ಮೊದಲಾದ ಪ್ರತಿಭಾವಂತರು ಅಲ್ಲಿ ಸೇರಿದರು. ಇಂದಿನ ಕರ್ನಾಟಕದ ಹೂವಿನಹಡಗಲಿಯಲ್ಲಿ ತೆಲುಗು ಕುಟುಂಬವೊಂದರಲ್ಲಿ 1920ರಲ್ಲಿ ಜನಿಸಿದ ಸಿ. ಆರ್. ರಾವ್ ಅವರು 1941ರಲ್ಲಿ ಅಲ್ಲಿಗೆ ಬಂದು, ಮುಂದೆ ಜಗದ್ವಿಖ್ಯಾತ ಸಂಖ್ಯಾಶಾಸ್ತ್ರಜ್ಞರಾದರು.

ಮೂರನೆಯ ಕರೆ ಹೊಲಗಳದು. ಬಂಗಾಳದ ಸೆಣಬಿನ ಬೆಳೆಯ ಅಂದಾಜು ಸರ್ಕಾರಕ್ಕೂ ವ್ಯಾಪಾರಕ್ಕೂ ಬೇಕಾಗಿತ್ತು. ಪ್ರತಿಯೊಂದು ಹೊಲಕ್ಕೂ ಹೋಗಿ ಬರೆದುಕೊಳ್ಳುವುದು ಸರ್ಕಾರದ ಕ್ರಮ. 1937ರಲ್ಲಿ ಆರಂಭಿಸಿ ಮಹಾಲನೋಬಿಸರು ಬೇರೊಂದು ಕ್ರಮವನ್ನು ಬೆಳೆಸಿದರು. ಯಾರ ಇಷ್ಟಕ್ಕೂ ಬಿಡದೆ, ಚೀಟಿ ಎತ್ತಿದಂತೆ ಕೆಲವೇ ಜಾಗಗಳನ್ನು ಆರಿಸಿ ಅಲ್ಲಿ ಮಾತ್ರ ಎಚ್ಚರದಿಂದ ಅಳೆಯುವುದು. ಅದರ ಮೇಲೆ ಒಂದು ಯುಕ್ತಿ: ಒಂದೇ ಪ್ರದೇಶಕ್ಕೆ ಎರಡು ಪ್ರತ್ಯೇಕ ಮಾದರಿಗಳನ್ನು ಆರಿಸಿ, ಎರಡು ಪ್ರತ್ಯೇಕ ತಂಡಗಳನ್ನು ಕಳುಹಿಸುವುದು. ಎರಡು ಫಲಿತಾಂಶಗಳ ನಡುವಣ ಅಂತರವೇ ಅಂದಾಜು ಎಷ್ಟು ನಂಬತಕ್ಕದ್ದೆಂದು ಹೇಳಿಬಿಡುತ್ತದೆ. ಇಬ್ಬರು ಗುಮಾಸ್ತರು ಒಬ್ಬರನ್ನೊಬ್ಬರು ನೋಡದೆ ಲೆಕ್ಕ ತೆಗೆದು ತಾಳೆ ಹಾಕುವ ರೂಢಿಯನ್ನು ಬಲ್ಲ ನಮ್ಮ ವಾಚಕರಿಗೆ ಇದರ ಮರ್ಮವು ಸುಲಭವಾಗಿ ಹೊಳೆಯುತ್ತದೆ.

1940ರ ದಶಕದಲ್ಲಿ ಎರಡು ಕ್ರಮಗಳಿಗೂ ಪರೀಕ್ಷೆಯಾಯಿತು. ಹೊಲಹೊಲದ ಎಣಿಕೆಯು ಬೆಳೆ 63 ಲಕ್ಷ ಬೇಲೆಂದಿತು. ಮಾದರಿ ಸಮೀಕ್ಷೆಯು 75 ಲಕ್ಷವೆಂದಿತು. ಸುಂಕ ಹಾಗೂ ವ್ಯಾಪಾರದ ದಾಖಲೆಗಳಿಂದ ಹೊರಬಿದ್ದ ನಿಜವಾದ ಅಂಕಿಯು 75 ಲಕ್ಷಕ್ಕೆ ಸ್ವಲ್ಪ ಮೇಲೆ. ಪೂರ್ಣ ಎಣಿಕೆಗೆ ತಗುಲಿದ ವೆಚ್ಚದಲ್ಲಿ ಮಾದರಿಗೆ ತಗುಲಿದ್ದು ಸುಮಾರು ಹತ್ತನೆಯ ಒಂದು ಪಾಲು ಮಾತ್ರ. ಎಲ್ಲವನ್ನೂ ಅವಸರದಲ್ಲಿ ಎಣಿಸುವುದಕ್ಕಿಂತ ಸ್ವಲ್ಪವನ್ನು ಸರಿಯಾಗಿ ಅಳೆಯುವುದು ಮೇಲೆಂದು ಅಂದು ಸಿದ್ಧವಾಯಿತು.

ಅಷ್ಟರಲ್ಲಿ 1943ರ ಘೋರ ಕ್ಷಾಮವು ಬಂದಿತು. ಲಕ್ಷಾಂತರ ಜನರು ಮಡಿದರು. ಕ್ಷಾಮದ ಪರಿಣಾಮಗಳನ್ನು ತಿಳಿಯಲು ಮಹಾಲನೋಬಿಸರೂ ಅವರ ಸಹೋದ್ಯೋಗಿಗಳೂ ಬಂಗಾಳದ ಹಳ್ಳಿಗಳಲ್ಲಿ ಸಮೀಕ್ಷೆ ನಡೆಸಿ 1946ರಲ್ಲಿ ವರದಿಯನ್ನು ಹೊರಡಿಸಿದರು. ಪೆಟ್ಟು ಎಲ್ಲರಿಗೂ ಸಮನಾಗಿ ಬಿದ್ದಿರಲಿಲ್ಲ. ಕೃಷಿಕೂಲಿಗಳು, ಮೀನುಗಾರರು ಮೊದಲಾದ ಬಡವರು ಮೊದಲು ಕುಸಿದಿದ್ದರು. ಪ್ರಾಂತಕ್ಕೆಲ್ಲ ತಲಾ ಇಷ್ಟು ಧಾನ್ಯವೆಂಬ ಸರಾಸರಿಯನ್ನು ಹೇಳಿದರೆ ಈ ಸಂಗತಿಯು ಮರೆಯಾಗುತ್ತದೆ. ಸರಾಸರಿ ಮನುಷ್ಯನು ಹಸಿದು ಸಾಯುವುದಿಲ್ಲ. ಸಾಯುವವನು ಸರಾಸರಿಗಿಂತ ಕೆಳಗಿರುವವನು. ಭೇದವನ್ನು ಅಳೆಯುವುದು ಪಂಡಿತರ ವಿನೋದವಲ್ಲ, ಜೀವನ್ಮರಣದ ಪ್ರಶ್ನೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಸ್ವಾತಂತ್ರ್ಯಾನಂತರ ಅವರು ಕೇಂದ್ರ ಸಚಿವಸಂಪುಟದ ಗೌರವ ಸಲಹೆಗಾರರಾದರು. 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆಯು ಆರಂಭವಾಯಿತು. ಭಾರತದ ಮನೆಗಳಲ್ಲಿ ಜನರು ಏನನ್ನು ಉಣ್ಣುತ್ತಾರೆ, ಏನನ್ನು ಉಡುತ್ತಾರೆ, ಯಾವುದಕ್ಕೆ ಎಷ್ಟು ವೆಚ್ಚ ಮಾಡುತ್ತಾರೆ ಎಂಬುದು ಹೀಗೆ ದೇಶಕ್ಕೆ ತಿಳಿಯತೊಡಗಿತು. 1956ರಲ್ಲಿ ಆರಂಭವಾದ ಎರಡನೆಯ ಪಂಚವಾರ್ಷಿಕ ಯೋಜನೆಗೆ ಅಡಿಪಾಯವನ್ನು ಹಾಕಿದವರೂ ಅವರೇ. ಭಾರೀ ಕೈಗಾರಿಕೆಗಳಿಗೆ ಒತ್ತುಕೊಟ್ಟ ಆ ಯೋಜನೆಯು ಟೀಕೆಯಿಂದ ಹೊರತಾಗಿರಲಿಲ್ಲ. ಕೊರತೆಯ ಹಣದಿಂದ ಇಷ್ಟು ದೊಡ್ಡ ಯೋಜನೆಯನ್ನು ನಡೆಸುವುದು ಅಪಾಯವೆಂದು ಅರ್ಥಶಾಸ್ತ್ರಜ್ಞರ ಮಂಡಲಿಯಲ್ಲಿ ಏಕಾಂಗಿಯಾಗಿ ಭಿನ್ನಮತವನ್ನು ಬರೆದಿಟ್ಟವರು ಬಿ. ಆರ್. ಶೆಣೈ, ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ಳಿಕೋತಿನಲ್ಲಿ ಜನಿಸಿದವರು. ಮುಂದೆ ಎದುರಾದ ಆಹಾರಾಭಾವ ಮತ್ತು ವಿದೇಶೀ ವಿನಿಮಯದ ಮುಗ್ಗಟ್ಟುಗಳು ಟೀಕಾಕಾರರ ಮಾತಿನಲ್ಲಿ ಹುರುಳಿತ್ತೆಂದು ತೋರಿಸಿದುವು. ದೇಶವನ್ನು ಅಳೆಯುವ ವಿದ್ಯೆ ಬೇರೆ, ದೇಶವನ್ನು ನಡೆಸುವ ವಿದ್ಯೆ ಬೇರೆ. ಮೊದಲನೆಯದರಲ್ಲಿ ಅವರಿಗೆ ಸರಿಸಾಟಿಯಾದವರು ವಿರಳ.

1945ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವವೂ 1968ರಲ್ಲಿ ಪದ್ಮವಿಭೂಷಣವೂ ಅವರಿಗೆ ಸಂದುವು. 1972ನೆಯ ಜೂನ್ 28ರಂದು, ಎಪ್ಪತ್ತೊಂಬತ್ತನೆಯ ಹುಟ್ಟುಹಬ್ಬಕ್ಕೆ ಒಂದು ದಿನ ಮುಂಚೆ, ಅವರು ಕಾಲವಾದರು. 2007ರಿಂದ ಅವರ ಜನ್ಮದಿನವನ್ನು ದೇಶವು ಸಂಖ್ಯಾಶಾಸ್ತ್ರ ದಿನವೆಂದು ಆಚರಿಸುತ್ತಿದೆ.

ಅವರು ಹಾಕಿಕೊಟ್ಟ ಸಮೀಕ್ಷೆಯು ಇಂದಿಗೂ ನಡೆಯುತ್ತಿದೆ. ಊರು ಬಿಟ್ಟು ಪರಸ್ಥಳದಲ್ಲಿ ದುಡಿಯುವ ನಮ್ಮವರ ಕೋಣೆಯ ಬಾಗಿಲಿಗೂ ಎಂದಾದರೊಂದು ದಿನ ಸಮೀಕ್ಷಕನು ಬರಬಹುದು. ತನ್ನೊಬ್ಬನ ಸಂಬಳ, ಸಾಲ, ಊಟದ ವೆಚ್ಚವನ್ನು ಹೇಳಿ ಆಗುವುದೇನು ಎಂದು ಯಾರೂ ಅವನನ್ನು ಹಿಂದೆ ಕಳುಹಿಸದಿರಲಿ. ಚೀಟಿಯಲ್ಲಿ ಬಂದ ಆ ಒಂದು ಬಾಗಿಲು ಸಾವಿರಾರು ಬಾಗಿಲುಗಳ ಪರವಾಗಿ ಮಾತಾಡುತ್ತದೆ. ಅದು ಮೌನವಾದರೆ ಅಷ್ಟು ಜನರೂ ಸರಾಸರಿಯ ಮರೆಯಲ್ಲಿ ಉಳಿದುಬಿಡುತ್ತಾರೆ.